ಹೇಳಿಕೊಳ್ಳಲಾಗದ ಬೇನೆ

ಮಲ್ಲಿಗೆಯ ಹಿತ್ತಿಲುಳ್ಳ ಮನೆಗಳಿಗೆ ಬೆಳಗು ಬೇಗ ಬರುತ್ತದೆ. ಭಟ್ಕಳದ ನೆರೆಯ ಹೆಬಳೆಯಲ್ಲಿ ಅಂಥದೊಂದು ಮನೆ. ಮನೆಯ ಹಿರಿಯಳಿಗೆ 54 ವರ್ಷ. ಕೋಳಿ ಕೂಗುವ ಹೊತ್ತಿಗೆ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಮೊಳ ಮೊಳವಾಗಿ ಕಟ್ಟಿ ಪೇಟೆಗೆ ಕಳುಹಿಸಿದ ಮೇಲೆಯೇ ಆಕೆಗೆ ಚಹದ ನೆನಪು. ಸಂಜೆ ದೇವರ ಗೂಡಿನ ಮುಂದೆ ದೀಪ ಹಚ್ಚುವುದೂ ಆಕೆಯದೇ ಅಧಿಕಾರ. ಮುಟ್ಟು ನಿಂತು ಮೂರು ವರ್ಷಗಳಾದ ಮೇಲಂತೂ ಆ ಅಧಿಕಾರಕ್ಕೆ ತಿಂಗಳಿನ ಮೂರು ದಿನಗಳ ತಡೆಯೂ ಇರಲಿಲ್ಲ. ಮಗನಿಗೆ ಮದುವೆಯಾಗಿ ಸೊಸೆ ಬಂದಳು, ಮೊಮ್ಮಗಳು ಹುಟ್ಟಿದಳು, ಅಡಿಗೆಮನೆಯ ಬೀಗದ ಕೈ ಸೊಸೆಯ ಸೊಂಟಕ್ಕೆ ಹೋಯಿತು. ದೀಪದ ಬತ್ತಿ ಮಾತ್ರ ಅತ್ತೆಯ ಕೈಯಲ್ಲೇ ಉಳಿದಿತ್ತು.

ಹೀಗಿರಲು ಕಾರ್ತಿಕದ ಒಂದು ಸಂಜೆ ಆಕೆ ಹೊರಗಿನ ಜಗಲಿಯಲ್ಲೇ ಕುಳಿತು, “ತಂಗೀ, ಇವತ್ತು ದೀಪ ನೀನೇ ಹಚ್ಚು” ಎಂದಳು. ಮೊಣಕಾಲು ನೋವಂತೆ. ಸೊಸೆ ಹಚ್ಚಿದಳು. ಮರುದಿನವೂ ಅದೇ ಮಾತು. ನಾಲ್ಕು ದಿನಗಳ ಬಳಿಕ ಅತ್ತೆ ತಲೆಗೆ ಸ್ನಾನ ಮಾಡಿ ಮತ್ತೆ ತನ್ನ ಸ್ಥಾನಕ್ಕೆ ಬಂದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಮೊಣಕಾಲು ಪುನಃ ನೋಯತೊಡಗಿತು. ಕುಮಟೆಯಿಂದ ಬಂದ ಆ ಸೊಸೆ ಹೆಚ್ಚು ಮಾತಿನವಳಲ್ಲ. ಆದರೆ ಕಣ್ಣು ಚುರುಕು. ದೀಪ ಹಚ್ಚಲು ಬಿಡದ ಮೊಣಕಾಲು ಮೊಗ್ಗು ಕೊಯ್ಯಲು ಬಿಡುತ್ತದೆ, ಬಾವಿಕಟ್ಟೆ ಹತ್ತಲು ಬಿಡುತ್ತದೆ; ಇದೆಂಥ ನೋವು? ಹಿತ್ತಿಲ ಮೂಲೆಯಲ್ಲಿ, ತೆಂಗಿನ ಮಡಲಿನ ಮರೆಯಲ್ಲಿ, ಹಳೆಯ ಸೀರೆಯ ತುಂಡು ಒಣಗುತ್ತಿರುವುದನ್ನು ಕಂಡ ದಿನ ಆಕೆಗೆ ಉತ್ತರ ಸಿಕ್ಕಿತು.

“ಅತ್ತೆ, ನಿಮಗೆ ಮತ್ತೆ ಹೋಗ್ತಾ ಉಂಟಾ?”

ಹಿರಿಯಳು ಮುಖ ತಿರುಗಿಸಿದಳು. “ಎಂತದೂ ಇಲ್ಲ. ಉಷ್ಣ ಅಷ್ಟೆ. ಸ್ವಲ್ಪ ಕಲೆ ಬೀಳ್ತದೆ, ಎರಡು ದಿನಕ್ಕೆ ನಿಲ್ತದೆ. ಮಾಣಿ ಫೋನು ಮಾಡಿದರೆ ಅವನ ಹತ್ರ ಹೇಳಬೇಡ ಮತ್ತೆ.”

ಉಷ್ಣ! ಕರಾವಳಿಯ ಮನೆಗಳಲ್ಲಿ ಈ ಒಂದು ಪದ ಎಷ್ಟು ಬೇನೆಗಳನ್ನು ತನ್ನ ಮಡಿಲಲ್ಲಿ ಮುಚ್ಚಿಕೊಂಡಿದೆಯೋ! ಉರಿಮೂತ್ರಕ್ಕೆ ಉಷ್ಣ, ಬಿಳಿಸೆರಗಿಗೆ ಉಷ್ಣ, ತುರಿಕೆಗೆ ಉಷ್ಣ, ನಿಂತ ಮುಟ್ಟು ಮತ್ತೆ ಕಾಣಿಸಿದರೂ ಉಷ್ಣ. ಅದಕ್ಕೆ ತಕ್ಕ ಉಪಚಾರವೂ ಸಿದ್ಧವಿದೆ: ಎಳನೀರು, ಎಳ್ಳುನೀರು, ಮುರುಗಲ ಹಣ್ಣಿನ ಪಾನಕ, ಒಂದೆಲಗದ ತಂಬುಳಿ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಸೆಕೆಯ ದಿನಗಳಲ್ಲಿ ದೇಹಕ್ಕೆ ಹಿತವೇ. ಕೆಟ್ಟದ್ದು ಯಾವುದೆಂದರೆ, ತಂಬುಳಿ ಉಂಡೆವೆಂಬ ಸಮಾಧಾನದಲ್ಲಿ ಕಳೆದುಹೋಗುವ ತಿಂಗಳುಗಳು. ನಮ್ಮ ಪ್ರಾಚೀನರಾದರೂ ಎಲ್ಲವನ್ನೂ ಒಂದೇ ಉಷ್ಣದ ಗಂಟಿಗೆ ಕಟ್ಟಿರಲಿಲ್ಲ. ಚರಕಸಂಹಿತೆ ಸ್ತ್ರೀಯರ ಈ ಬೇನೆಗಳನ್ನು ‘ಯೋನಿವ್ಯಾಪತ್’ ಎಂಬ ಹೆಸರಿನಲ್ಲಿ 20 ಬಗೆಯಾಗಿ ವಿಂಗಡಿಸಿ, ಒಂದೊಂದರ ಲಕ್ಷಣವನ್ನೂ ಬೇರೆ ಬೇರೆಯಾಗಿ ಹೇಳಿದೆ. ಸಂಕೋಚವೆಂಬುದು ಶಾಸ್ತ್ರದಿಂದ ಬಂದುದಲ್ಲ. ಎಲ್ಲಿಂದಲೋ ನಡುವೆ ಬಂದು ಸೇರಿಕೊಂಡದ್ದು.

ಆ ಸಂಕೋಚ ಎಷ್ಟು ಆಳದ್ದೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಒಂದು ದೃಷ್ಟಾಂತವಿದೆ. ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಹಾಗೂ ಡಾ. ಅಭಯ್ ಬಂಗ್ ದಂಪತಿಗಳು ತಮ್ಮ ಸಂಗಡಿಗರೊಡನೆ 650 ಮಂದಿ ಹೆಂಗಸರನ್ನು ಪರೀಕ್ಷಿಸಿದರು. 1989ರಲ್ಲಿ ಅದರ ವಿವರ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಲೋಕದ ವೈದ್ಯರು ಬೆರಗಾದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಒಮ್ಮೆಯಾದರೂ ವೈದ್ಯರಲ್ಲಿ ಈ ಬಗೆಯ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಅದು ದೂರದ ಕಾಡುಜಿಲ್ಲೆ, ನಮ್ಮ ಪೇಟೆಯ ಮಾತು ಬೇರೆ ಎಂದು ಓದುಗ ಭಗಿನಿಯರು ಹೇಳಬಹುದು. ಪೇಟೆಯ ಔಷಧದಂಗಡಿಯ ಮುಂದೆ ಗಿರಾಕಿಗಳೆಲ್ಲ ಚದುರುವವರೆಗೂ ಕಾದು ನಿಂತು, ಕೊನೆಗೆ ಧ್ವನಿ ತಗ್ಗಿಸಿ “ಆ... ಅದಕ್ಕೆ ಹಚ್ಚುವ ಮುಲಾಮು” ಎಂದು ಕೇಳುವ ಹೆಣ್ಣುಮಗಳನ್ನು ಅವರು ಎಂದೂ ಕಾಣಲಿಲ್ಲವೇ?

ಈ ಸೊಸೆಯೇ ಹಿಂದೊಮ್ಮೆ ಹಾಗೆ ನಿಂತವಳು. ಮಗು ಹೊಟ್ಟೆಯಲ್ಲಿದ್ದಾಗ ತಡೆಯಲಾರದ ತುರಿಕೆ. ಒಡೆದ ಮೊಸರಿನಂತೆ ಬೆಳ್ಳಗಿನ ಸ್ರಾವ. ಅಂಗಡಿಯವನು ಕೊಟ್ಟ ಮುಲಾಮಿನಿಂದ ಉರಿ ಇಮ್ಮಡಿಯಾಯಿತು. ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ, ಅಲ್ಲಿ ನೋಡಿದ ವೈದ್ಯೆ ಅದು ಬೂಷ್ಟಿನ ಜಾತಿಯ ಸೋಂಕೆಂದು ಹೇಳಿ, ಒಳಗಿಡುವ ಗುಳಿಗೆ ಕೊಟ್ಟರು. ಒಂದು ವಾರದಲ್ಲಿ ನೆಮ್ಮದಿಯಾಯಿತು. ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೇರೆ ಯಾವುದೋ ಜ್ವರಕ್ಕೆಂದು ಆಂಟಿಬಯಾಟಿಕ್ ಮಾತ್ರೆ ನುಂಗಿದವರಿಗೆ ಈ ಸೋಂಕು ಹೆಚ್ಚು. ಪದೇ ಪದೇ ಬಂದರೆ ರಕ್ತದ ಸಕ್ಕರೆಯನ್ನು ನೋಡಿಸಬೇಕು. ಎಷ್ಟೋ ಸಲ ಮಧುಮೇಹದ ಮೊದಲ ಸೂಚನೆ ಈ ತುರಿಕೆಯೇ ಆಗಿರುತ್ತದೆ.

ಬಿಳಿಸೆರಗೆಂದ ಕೂಡಲೇ ರೋಗವೆಂದು ಹೆದರಬೇಕಾದುದಿಲ್ಲವೆಂಬುದನ್ನು ಆ ವೈದ್ಯೆಯೇ ಆಕೆಗೆ ತಿಳಿಸಿದ್ದರು. ಕಣ್ಣಿನಲ್ಲಿ ತೇವವಿರುವಂತೆ, ಬಾಯಲ್ಲಿ ಜೊಲ್ಲಿರುವಂತೆ, ಯೋನಿಯಲ್ಲೂ ಸಹಜವಾದ ಒಂದು ತೇವವಿರುತ್ತದೆ. ಮುಟ್ಟಿನ ಎರಡು ಅವಧಿಗಳ ನಡುವೆ ಅದು ಮೊಟ್ಟೆಯ ಲೋಳೆಯಂತೆ ತಿಳಿಯಾಗಿ ಎಳೆಯೆಳೆಯಾಗುತ್ತದೆ, ಬಸಿರಿನಲ್ಲಿ ಹೆಚ್ಚುತ್ತದೆ, ಹುಡುಗಿ ಮೈನೆರೆಯುವುದಕ್ಕೆ ಕೆಲವು ತಿಂಗಳ ಮೊದಲೂ ಕಾಣಿಸಿಕೊಳ್ಳುತ್ತದೆ. ನಾತವಿಲ್ಲ, ತುರಿಕೆಯಿಲ್ಲ, ಉರಿಯಿಲ್ಲ ಎಂದಾದರೆ ಅದು ಆರೋಗ್ಯದ ಲಕ್ಷಣವೇ. ‘ಎಲುಬು ಕರಗಿ ಹೋಗುತ್ತದೆ’ ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಬಾಳಿಕೊಂಡು ಬಂದಿದೆ, ಅದರಲ್ಲಿ ಹುರುಳಿಲ್ಲ. ಯಾವ ಎಲುಬೂ ಹೀಗೆ ಕರಗುವುದಿಲ್ಲ. ಬಿಳಿಸೆರಗಿನವಳಿಗೆ ಸುಸ್ತು, ಸೊಂಟನೋವು ಇದ್ದರೆ ರಕ್ತಹೀನತೆಯನ್ನೋ ದುಡಿಮೆಯ ಆಯಾಸವನ್ನೋ ಸಂಶಯಿಸುವುದು ಲೇಸು.

ಇನ್ನು ಒಳಗೆ ಶುದ್ಧಿ ಮಾಡುವ ಚಟ. ಸೋಪು, ಡೆಟಾಲು, ಸುವಾಸನೆಯ ದ್ರಾವಣಗಳು ಮಾರುಕಟ್ಟೆಯಲ್ಲಿ ಬಣ್ಣ ಬಣ್ಣದ ಸೀಸೆಗಳಲ್ಲಿ ಬಂದಿವೆ. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಕಂಡುಕೊಂಡಂತೆ, ಅಲ್ಲಿ ವಾಸಿಸುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಹುಳಿಯನ್ನುಂಟುಮಾಡಿ ಕೆಟ್ಟ ಕ್ರಿಮಿಗಳನ್ನು ತಡೆಯುತ್ತವೆ. ಹಾಲನ್ನು ಮೊಸರು ಮಾಡುವ ಜೀವಿಗಳ ಬಳಗವೇ ಅದು. ಸೋಪು ಸುರಿದು ತೊಳೆದರೆ ಮನೆ ಕಾಯುವ ನಾಯಿಯನ್ನು ಅಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಆ ಹುಳಿಯ ಸಮತೋಲ ತಪ್ಪಿದಾಗ ಬರುವುದೇ ತೆಳ್ಳಗಿನ ಬೂದುಬಣ್ಣದ, ಮೀನಿನ ನಾತದ ಸ್ರಾವ. ಹಳದಿ ಅಥವಾ ಹಸಿರಾಗಿ ನೊರೆನೊರೆಯಾಗಿ ಹೋಗುತ್ತಿದ್ದರೆ ಅದು ಬೇರೆಯೇ ಒಂದು ಜೀವಿಯ ಕೆಲಸವಿರಬಹುದು. ಅದು ದಂಪತಿಗಳ ಕೂಟದಿಂದ ಹರಡುವಂಥದು. ಗಂಡನಿಗೆ ಯಾವ ತೊಂದರೆ ತೋರದಿದ್ದರೂ ಇಬ್ಬರೂ ಕೂಡಿ ಮಾತ್ರೆ ನುಂಗಬೇಕು. ಹೆಂಡತಿಗೆ ಮಾತ್ರ ಔಷಧ ಕೊಡಿಸಿದ ಮನೆಯಲ್ಲಿ ರೋಗ ಹೋಗಿ ಹೋಗಿ ಬರುತ್ತದೆ, ಆಮೇಲೆ ದೂರು ಬರುವುದು ಹೆಂಡತಿಯ ಮೇಲೆಯೇ! ಬಣ್ಣ ನೋಡಿ ತಾವೇ ರೋಗ ನಿರ್ಣಯಿಸಿಕೊಳ್ಳುವುದೂ ಅಪಾಯ. ಒಂದರಂತೆ ಇನ್ನೊಂದು ತೋರುತ್ತದೆ. ಬಣ್ಣ, ನಾತ, ತುರಿಕೆ ಬದಲಾದುದನ್ನು ಗುರುತಿಸುವುದು ಮನೆಯವಳ ಕೆಲಸ, ಹೆಸರಿಡುವುದು ವೈದ್ಯರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೋಂಕುಗಳಿಗೆ ಬಣ್ಣದ ಪೊಟ್ಟಣಗಳಲ್ಲಿ ಔಷಧವನ್ನು ಕಟ್ಟಿ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಸ್ರಾವಕ್ಕೆ ಹಸಿರು, ಕಿಬ್ಬೊಟ್ಟೆಯ ನೋವಿಗೆ ಹಳದಿ.

ಈ ವಿಷಯವನ್ನು ಕನ್ನಡದಲ್ಲಿ ಮರ್ಯಾದೆ ಕೆಡದಂತೆ ಹೇಳಲಾಗದೆಂಬ ಭ್ರಮೆಯೊಂದಿತ್ತು. ಅದನ್ನು ಮುರಿದವರಲ್ಲಿ ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಮುಖ್ಯರು. ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಮೊದಲಾದ ಅವರ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಸೀರೆಗಳ ಮಡಿಕೆಯ ಕೆಳಗೆ ಅಡಗಿ ಕುಳಿತು ತಾಯಿಯಿಂದ ಮಗಳಿಗೆ ಹೋದವು. ಸೊಸೆಯ ತವರಿನ ಪೆಟ್ಟಿಗೆಯಲ್ಲೂ ಹೊದಿಕೆ ಹರಿದ ಒಂದು ಪ್ರತಿಯಿತ್ತು. ತಾಯಿ ಅದನ್ನು ಕೈಗೆ ಕೊಡಲಿಲ್ಲ. ಪೆಟ್ಟಿಗೆಯ ಬೀಗ ಹಾಕಲು ಮರೆತಂತೆ ನಟಿಸಿದಳು, ಅಷ್ಟೆ.

ಆದರೆ ಅತ್ತೆಯದು ತುರಿಕೆಯ ಮಾತಲ್ಲ. ಮುಟ್ಟು ನಿಂತು ಒಂದು ವರುಷ ಪೂರ್ತಿ ಕಳೆದ ಬಳಿಕ ಒಂದು ತೊಟ್ಟು ರಕ್ತ ಕಾಣಿಸಿದರೂ ವೈದ್ಯರಿಗೆ ತೋರಿಸಲೇಬೇಕು. ಇದರಲ್ಲಿ ‘ನೋಡೋಣ’ ಎಂಬ ಮಾತಿಗೆ ಎಡೆಯಿಲ್ಲ. ಬಹುಪಾಲು ಹೆಂಗಸರಲ್ಲಿ ಕಾರಣ ಸಣ್ಣದೇ ಇರುತ್ತದೆ: ವಯಸ್ಸಿನಿಂದ ಒಳಚರ್ಮ ತೆಳುವಾಗಿ ಒಣಗಿ ಬಿರಿದಿರಬಹುದು, ಅದಕ್ಕೆ ಹಚ್ಚುವ ಮದ್ದು ಉಂಟು, ಸಣ್ಣದೊಂದು ಕುರುಹು ಬೆಳೆದಿರಬಹುದು. ಕೆಲವರಲ್ಲಿ ಮಾತ್ರ ಅದು ಗರ್ಭಕೋಶದ ಅರ್ಬುದ. ಆ ಕೆಲವರಲ್ಲಿ ತಾನು ಒಬ್ಬಳೋ ಅಲ್ಲವೋ ಎಂಬುದು ಮನೆಯಲ್ಲಿ ಕುಳಿತವಳಿಗೆ ತಿಳಿಯುವ ಬಗೆಯೇ ಇಲ್ಲ. ಮುಟ್ಟಿನ ನಡುವೆ, ಅಥವಾ ದಂಪತಿಗಳು ಕೂಡಿದ ಮೇಲೆ ರಕ್ತ ಕಾಣಿಸುವುದೂ ಹೀಗೆಯೇ ತೋರಿಸಲೇಬೇಕಾದ ಲಕ್ಷಣ. ಏನೋ ಕೆಳಗೆ ಜಾರಿದಂತಾಗುವುದು, ವಾಸಿಯಾಗದ ಹುಣ್ಣು, ಗಂಟು, ಇವೂ ಅಷ್ಟೆ. ಚಳಿಜ್ವರದೊಡನೆ ಕಿಬ್ಬೊಟ್ಟೆಯ ನೋವು ಬಂದರೆ, ಗರ್ಭಿಣಿಗೆ ರಕ್ತವೋ ನೀರೋ ಹೋಗತೊಡಗಿದರೆ ಮರುದಿನದವರೆಗೂ ಕಾಯಬಾರದು. ಆ ಹೊತ್ತಿನಲ್ಲೇ ಗಾಡಿ ಕರೆಯಬೇಕು. ಇನ್ನೂ ಮೈನೆರೆಯದ ಪುಟ್ಟ ಹುಡುಗಿಗೆ ದುರ್ನಾತದ ಸ್ರಾವವೋ ರಕ್ತವೋ ಕಂಡಲ್ಲಿ, ಗದರಿಸದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸೊಸೆಗೆ ಇಷ್ಟೆಲ್ಲ ಗೊತ್ತಿತ್ತೆಂದಲ್ಲ. ಗೊತ್ತಿದ್ದುದು ಒಂದೇ: ನಿಂತ ಮುಟ್ಟು ಮತ್ತೆ ಬರಬಾರದು. ಅತ್ತೆಯನ್ನು ಹೊರಡಿಸಲು ಆಕೆಗೆ ಎಂಟು ದಿನ ಬೇಕಾಯಿತು. “ಈ ವಯಸ್ಸಿನಲ್ಲಿ ಅಲ್ಲಿ ತೋರಿಸಿಕೊಳ್ಳುವುದಕ್ಕಿಂತ ಸಮುದ್ರಕ್ಕೆ ಹೋಗುವುದು ಒಳ್ಳೇದು” ಎಂದಳು ಅತ್ತೆ ಮೊದಲ ದಿನ. ಮೂರನೆಯ ದಿನ, “ಡಾಕ್ಟರು ಗಂಡಸಾದರೆ?” ಐದನೆಯ ದಿನ, “ನಿನ್ನ ಮಾವನ ಹತ್ರ ಎಂತ ಹೇಳುವುದು?” ಈ ಕೊನೆಯ ಪ್ರಶ್ನೆ ಬಂದಾಗ ಅರ್ಧ ಕೆಲಸವಾಯಿತೆಂದು ಸೊಸೆ ತಿಳಿದಳು. ಮೊಣಕಾಲು ತೋರಿಸಲು ಹೋಗುತ್ತೇವೆಂದು ಮಾವನಿಗೆ ಹೇಳಲಾಯಿತು. ಪಾಪ, ಆತ ನಂಬಿ, ಬರುವಾಗ ನೋವಿನೆಣ್ಣೆ ತರಲು ಹಣವನ್ನೂ ಕೊಟ್ಟ!

ಭಟ್ಕಳದಲ್ಲಿ ಅವರನ್ನು ನೋಡಿದ ಸ್ತ್ರೀರೋಗತಜ್ಞೆ ಮೊದಲು ಕೇಳಿದ್ದು ಮಕ್ಕಳೆಷ್ಟು, ಮಲ್ಲಿಗೆಗೆ ಈಗ ದರವೆಷ್ಟು ಎಂದು. ಆಮೇಲೆ ಪರದೆಯ ಹಿಂದಿನ ಮಂಚ. ಸೊಸೆ ಜೊತೆಯಲ್ಲೇ ನಿಲ್ಲಬಹುದೆಂದರು. ನುಣುಪಾದ ಸಣ್ಣ ಉಪಕರಣವೊಂದರಿಂದ ಒಳಗೆ ನೋಡುವುದು, ಬಳಿಕ ಕೈಬೆರಳಿನಿಂದ ಗರ್ಭಕೋಶದ ಗಾತ್ರ ತಿಳಿಯುವುದು, ಎಲ್ಲ ಸೇರಿ ಐದು ನಿಮಿಷ. ಸ್ವಲ್ಪ ಒತ್ತಿದಂತಾಯಿತೇ ಹೊರತು ಅತ್ತೆ ಹೆದರಿದ್ದ ನೋವೇನೂ ಆಗಲಿಲ್ಲ. ಮೂವತ್ತು ವರ್ಷದ ಹಿಂದೆ ಹೆತ್ತ ಮೇಲೆ ಆಕೆಯನ್ನು ಯಾರೂ ಹೀಗೆ ಪರೀಕ್ಷಿಸಿರಲಿಲ್ಲ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಪದರ ಇರಬೇಕಾದುದಕ್ಕಿಂತ ದಪ್ಪವಾಗಿ ತೋರಿತು. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕೆಂದರು ವೈದ್ಯೆ. ಅದಕ್ಕಾಗಿ ಮಣಿಪಾಲಕ್ಕೆ ಹೋಗಬೇಕಾಯಿತು. ಉತ್ತರ ಕನ್ನಡದವರಿಗೆ ದೊಡ್ಡ ರೋಗವೆಂದರೆ ದೊಡ್ಡ ಪ್ರಯಾಣವೂ ಹೌದು. ಜಿಲ್ಲೆಗೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಗಟ್ಟಿಯಾಗಿ ಕೂಗಿದ್ದು ಸುಮ್ಮನೆ ಅಲ್ಲ. ಅಷ್ಟು ದೂರ ಹೋದಾಗ ಮಾವನಿಗೆ ನಿಜ ಹೇಳದೆ ಗತಿಯಿರಲಿಲ್ಲ. ಆತ ಬಹಳ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಬಾರದಿತ್ತಾ?” ಎಂದ. ಇಷ್ಟೆ.

ವರದಿಗೆ ಕಾಯುವ ದಿನಗಳಲ್ಲಿ ಬಂಧುಗಳ ಸಲಹೆಗಳಿಗೆ ಬರವಿರಲಿಲ್ಲ. “ವರದಿಯೆಲ್ಲ ಎಂತಕ್ಕೆ? ಹೇಗೂ ಮಕ್ಕಳಾದುವು, ಗರ್ಭಕೋಶ ತೆಗೆಸಿ ಬಿಡಿ, ಪೀಡೆ ಹೋಗಲಿ” ಎಂದಳು ಒಬ್ಬ ನೆಂಟಳು. ಈ ಮಾತಿನ ಹಿಂದೆ ಕರ್ನಾಟಕದ್ದೇ ಒಂದು ಕಹಿ ಕಥೆಯಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹಾಗೂ ಹಳ್ಳಿಗಳ ಹೆಣ್ಣುಮಕ್ಕಳು ಬಿಳಿಸೆರಗು, ಹೊಟ್ಟೆನೋವು, ಸೊಂಟನೋವೆಂದು ಹೋದಾಗ, ಕ್ಯಾನ್ಸರಾಗುತ್ತದೆಂದು ಹೆದರಿಸಿ ಅವರ ಗರ್ಭಕೋಶಗಳನ್ನು ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದುಹಾಕಲಾಗಿದೆಯೆಂಬ ದೂರು 2015ರಲ್ಲಿ ಬಯಲಿಗೆ ಬಂತು. ಅವರಲ್ಲಿ ಅನೇಕರು ನಲವತ್ತೂ ತುಂಬದವರು. ಆ ಹೆಂಗಸರು ಬೀದಿಗಿಳಿದರು. ಸರ್ಕಾರ ತನಿಖೆ ನಡೆಸಬೇಕಾಯಿತು. ರಾಜಸ್ಥಾನ, ಬಿಹಾರ, ಛತ್ತೀಸಗಢಗಳ ಇಂಥವೇ ಪ್ರಕರಣಗಳ ಕುರಿತಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ತೀರ್ಪಿತ್ತು, ಅನವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ಬಿಳಿಸೆರಗಿಗೆ ಗರ್ಭಕೋಶ ತೆಗೆಯುವುದು ಮೂಗು ಸೋರಿದ್ದಕ್ಕೆ ಮೂಗನ್ನೇ ಕೊಯ್ದಂತೆ. ಗರ್ಭಕೋಶದೊಡನೆ ಅಂಡಾಶಯಗಳೂ ಹೋದರೆ ಎಳೆಯ ಪ್ರಾಯದಲ್ಲೇ ಎಲುಬು ಸವೆಯುತ್ತದೆ. ಕರಗುವ ಎಲುಬಿನ ಕಥೆ ಅಲ್ಲಿ ನಿಜವಾಗುತ್ತದೆ!

ಸೊಸೆ ನೆಂಟಳಿಗೆ ಎದುರಾಡಲಿಲ್ಲ. ವರದಿ ಬಂದ ದಿನ ವೈದ್ಯರ ಮುಂದೆ ಕುಳಿತು ಮೂರು ಪ್ರಶ್ನೆ ಕೇಳಿದಳು: ರೋಗದ ಹೆಸರೇನು? ಅದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ಶಸ್ತ್ರಕ್ರಿಯೆಯಲ್ಲದೆ ಬೇರೆ ದಾರಿಯಿದೆಯೇ? ವೈದ್ಯರು ಬೇಸರಿಸಲಿಲ್ಲ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಒಳಪದರದಲ್ಲಿ ಅರ್ಬುದ ಮೊಳೆತಿತ್ತು. ಆದರೆ ಗರ್ಭಕೋಶದ ಗೋಡೆಯನ್ನು ದಾಟಿರಲಿಲ್ಲ. ಇಲ್ಲಿ ತೆಗೆಯುವುದೇ ಚಿಕಿತ್ಸೆ. ಕಲಬುರಗಿಯ ಎಳೆಯ ಹೆಂಗಸರಿಗೆ ಅನ್ಯಾಯವಾದ ಶಸ್ತ್ರಕ್ರಿಯೆಯೇ ಹೆಬಳೆಯ ಈ ಹಿರಿಯಳಿಗೆ ಪ್ರಾಣ ಉಳಿಸುವಂಥದಾಯಿತು. ಎರಡಕ್ಕೂ ನಡುವಿನ ಅಂತರ ಒಂದು ಚೂರು ಮಾಂಸದ ಪರೀಕ್ಷೆ.

ಗರ್ಭಕೋಶದ ಒಡಲಿನ ಈ ರೋಗ ರಕ್ತದ ಕಲೆಯಿಂದ ಬೇಗ ಸುಳಿವು ಕೊಡುತ್ತದೆ. ಅದರ ಕೊರಳಿನ, ಎಂದರೆ ಗರ್ಭಕಂಠದ, ಅರ್ಬುದ ಹಾಗಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಬಳಿಕ ಹೊರಬೀಳುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 80,000 ಹೆಂಗಸರು ಇದಕ್ಕೆ ಬಲಿಯಾದರೆಂದು ಅಂದಾಜು. ಇದನ್ನು ಮೊದಲೇ ಹಿಡಿಯುವ ಬಗೆಯನ್ನು ತೋರಿಸಿಕೊಟ್ಟ ಗ್ರೀಕ್ ಮೂಲದ ಡಾ. ಪಾಪನಿಕೊಲಾವ್ 1943ರಲ್ಲಿ ಹರ್ಬರ್ಟ್ ಟ್ರಾಟರೊಡನೆ ಪುಸ್ತಕ ಪ್ರಕಟಿಸಿದರು; ಅದಕ್ಕೆ ಮೊದಲು ಅನೇಕ ವರ್ಷ ಅವರ ಪ್ರಯೋಗಕ್ಕೆ ತನ್ನ ದೇಹದ ಸ್ರಾವವನ್ನು ಒದಗಿಸಿದವರು ಅವರ ಪತ್ನಿ ಮೇರಿ. ಕರ್ನಾಟಕದ ಗಡಿಗೆ ತಾಗಿದ, ಆಗ ಉಸ್ಮಾನಾಬಾದ್ ಎನಿಸಿಕೊಂಡಿದ್ದ ಜಿಲ್ಲೆಯಲ್ಲಿ 1,31,746 ಹೆಂಗಸರನ್ನು ಸೇರಿಸಿಕೊಂಡು ನಡೆದ ಅಧ್ಯಯನವೊಂದು, ವೈರಾಣುವಿನ ಪರೀಕ್ಷೆಯನ್ನು ಬಾಳಿನಲ್ಲಿ ಒಂದೇ ಸಲ ಮಾಡಿಸಿದರೂ ಈ ರೋಗದ ಸಾವು ಸುಮಾರು ಅರ್ಧಕ್ಕಿಳಿಯುತ್ತದೆಂದು 2009ರಲ್ಲಿ ಲೋಕಕ್ಕೆ ತಿಳಿಸಿತು. ಹೀಗಿದ್ದೂ 2019–21ರ ರಾಷ್ಟ್ರೀಯ ಸಮೀಕ್ಷೆಯಂತೆ 30ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಸರ್ಕಾರದ ಕ್ರಮದಂತೆ 30 ದಾಟಿದವರು ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಳ್ಳಬಹುದು. ನೀರಾದ ಹುಳಿದ್ರಾವಣವನ್ನು ದಾದಿಯೇ ಸವರಿ, ಬಿಳುಪು ಮೂಡುವುದೋ ಎಂದು ನೋಡುತ್ತಾಳೆ. ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿಗೆ ಲಸಿಕೆ ಬಂದಿದೆ. ಪುಣೆಯಲ್ಲಿ ತಯಾರಾದ ನಮ್ಮದೇ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು.

ಶಸ್ತ್ರಕ್ರಿಯೆ ಮುಗಿಸಿ ಬಂದ ಅತ್ತೆಗೆ ಆರು ವಾರ ಭಾರ ಎತ್ತಕೂಡದೆಂಬ ಕಟ್ಟಪ್ಪಣೆಯಿತ್ತು. ಮೊಗ್ಗು ಕೊಯ್ಯುವುದು ಸೊಸೆಯ ಪಾಲಿಗೆ ಬಂತು. ಅತ್ತೆ ಜಗಲಿಯಲ್ಲಿ ಕುಳಿತು ಕಟ್ಟುತ್ತಿದ್ದಳು. ಮನೆಗೆ ಬಂದ ದಿನವೇ ಸಂಜೆ ಕಾಲು ತೊಳೆದುಕೊಂಡು ದೇವರ ಗೂಡಿನ ಮುಂದೆ ನಿಂತದ್ದಾಯಿತು. ಇನ್ನು ಮೊಣಕಾಲಿನ ನೆಪ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ನೆರೆಮನೆಯಾಕೆ ಹೂ ಕಟ್ಟಲು ಕೈಜೋಡಿಸುವ ನೆವದಿಂದ ಬಂದು ಕುಳಿತಳು. ಒಂದು ಮೊಳ ಕಟ್ಟುವವರೆಗೂ ಮಳೆಯ ಮಾತು, ಮೀನಿನ ಮಾತು. ಎರಡನೆಯ ಮೊಳಕ್ಕೆ ಕೈಯಿಟ್ಟಾಗ ಆಚೀಚೆ ನೋಡಿ ಕೇಳಿದಳು:

“ಆ ಡಾಕ್ಟರು ಹೆಂಗಸೇ ಅಲ್ವಾ ಅಕ್ಕಾ?”

“ಹೆಂಗಸೇ,” ಎಂದಳು ಅತ್ತೆ, ನಾರನ್ನು ಬಿಗಿಯುತ್ತ. “ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ನಾಳೆ ನನಗೂ ಹೊಲಿಗೆ ತೋರಿಸಲಿಕ್ಕೆ ಉಂಟು. ಒಟ್ಟಿಗೇ ಹೋಗುವ. ನಿನ್ನ ಮನೆಯವರ ಹತ್ರ ಮೊಣಕಾಲು ಅಂತ ಹೇಳಬೇಡ ಮಾತ್ರ. ಎಣ್ಣೆ ತರಲಿಕ್ಕೆ ಹೇಳ್ತಾರೆ.”